ಗುರುವಾರದ ಸುಳ್ಳು ದೂರು

"ಮೇಡಂ, ಸ್ವಲ್ಪ ಕಾಲು ತೆಗೀರಿ!"

ಮೇಜಿನ ಕೆಳಗಿಂದ ಬಂದ ಗಂಡುದನಿಗೆ ಅವಳು ಮಾರುದ್ದ ಹಾರಿದಳು. ಇನ್ನೊಂದು ಚೂರು ಹಾರಿದ್ದರೆ ತಲೆ ಸೂರಿಗೆ ಬಡಿದು, ಮೇಲಿನ ಮಹಡಿಯ ಹೊಲಿಗೆ ಯಂತ್ರಗಳೆಲ್ಲ ನಿಂತುಹೋಗುತ್ತಿದ್ದವು!

ಅದು ಬೂಟು, ಚಪ್ಪಲಿ ತಯಾರಿಸುವ ಕಾರ್ಖಾನೆ. ಅವಳು ಹೊಸ ಮಾದರಿಗಳ ಚಿತ್ರ ಬರೆಯುವವಳು. ನೆಲಮಾಳಿಗೆಯಲ್ಲಿ ಅವಳೊಬ್ಬಳದೇ ಕೋಣೆ. ಕಪಾಟಿನ ತುಂಬ ಅಳತೆಗೆಂದು ಕಡೆದ ಮರದ ಪಾದಗಳು... ಸಾವಿರವೋ, ಲಕ್ಷವೋ! ಭೂಮಿಯ ಮೇಲೆ ಅಷ್ಟು ಕಾಲುಗಳಿರುವ ಕೋಣೆ ಇನ್ನೊಂದಿಲ್ಲ.

ಆದರೆ ಅವುಗಳಲ್ಲಿ ಒಂದಾದರೂ ಅವಳ ಕಡೆಗೆ ನಡೆದು ಬಂದದ್ದಿಲ್ಲ.

ಪ್ರತಿ ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಹೊಸ ಮಾದರಿ ನೋಡಲು ಮೇಲಿನವರು ಬಂದು ಕೂರುತ್ತಿದ್ದರು. ಅವಳು ಟ್ಯಾಬ್ಲೆಟ್‌ನಲ್ಲಿ ಬರೆದದ್ದು ಗೋಡೆಯ ದೊಡ್ಡ ಪರದೆಯ ಮೇಲೆ ಮೂಡಬೇಕು. ಅವತ್ತು ಮೂಡಲಿಲ್ಲ. 'ಹುಡುಕುತ್ತಿದೆ... ಹುಡುಕುತ್ತಿದೆ...' ಎಂದು ಟ್ಯಾಬ್ಲೆಟ್ ಗೋಳಾಡಿತು. ನಾಲ್ಕನೇ ಮಹಡಿಯ ರಿಪೇರಿ ಕೋಣೆಗೆ ದೂರು ಕೊಟ್ಟು ಅವಳು ಅದರ ಜೊತೆ ಗುದ್ದಾಡುತ್ತಿದ್ದಾಗ, ರಿಪೇರಿಯವನು ಯಾವ ಮಾಯದಲ್ಲಿ ಬಂದು ಮೇಜಿನಡಿ ನುಸುಳಿದನೋ! ಇಡೀ ಕಾರ್ಖಾನೆ ಅವನನ್ನು ಕರೆಯುತ್ತಿದ್ದುದು 'ವೈರಣ್ಣ' ಎಂದು.

"ಪರದೇನೂ ಸರಿಯಾಗಿದೆ, ಟ್ಯಾಬ್ಲೆಟ್ಟೂ ಸರಿಯಾಗಿದೆ," ಅವನು ಮಂಡಿಯ ಧೂಳು ಕೊಡವುತ್ತ ಎದ್ದ. "ಪರದೆ ಇರೋದು ಆಫೀಸ್ ವೈಫೈಲಿ. ನಿಮ್ಮದು ಅತಿಥಿಗಳ ವೈಫೈಗೆ ಹೋಗಿ ಕೂತಿದೆ. ಒಂದೇ ಮನೇಲಿದ್ದು ಬೇರೆ ಬೇರೆ ರೂಮಲ್ಲಿ ಚಿಲಕ ಹಾಕ್ಕೊಂಡ ಹಾಗೆ! ಮಾತಾಡು ಅಂದ್ರೆ ಹೇಗೆ ಮಾತಾಡ್ತವೆ?"

ಎರಡು ಸಲ ಬೆರಳಾಡಿಸಿದ. ಪರದೆ ಬೆಳಗಿತು.

ಬಾಗಿಲವರೆಗೆ ಹೋದವನು ತಿರುಗಿ ಕೇಳಿದ. "ಇಡೀ ದಿನ ಇಲ್ಲಿ ಒಬ್ರೇ ಇರ್ತೀರಾ?"

"ಅಭ್ಯಾಸ ಆಗಿದೆ."

"ಅದೇ ಬೇಜಾರಿನ ವಿಷಯ," ಎಂದು ಹೊರಟುಹೋದ.

ಅಷ್ಟೇ! ಮೂರು ವರ್ಷದಲ್ಲಿ ಆ ಕಟ್ಟಡದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವತ್ತು ಮೇಲಿನವರು ಮಾದರಿಗಳನ್ನು ಹೊಗಳಿದರೋ ತೆಗಳಿದರೋ, ಅವಳ ಕಿವಿಗೆ ಒಂದಕ್ಷರವೂ ಬೀಳಲಿಲ್ಲ.

ಮುಂದಿನ ಗುರುವಾರ ಟ್ಯಾಬ್ಲೆಟ್ ಮತ್ತೆ ಅತಿಥಿಗಳ ವೈಫೈನಲ್ಲಿತ್ತು. ತಾನಾಗಿ ಹೋಗಿತ್ತೇ? ಎಲ್ಲಿಂದ ಬಂತು! ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳದ ಅವಳೇ ಅದನ್ನು ಅಲ್ಲಿಗೆ ಅಟ್ಟಿದ್ದಳು.

"ಮತ್ತೆ ಹೋಯ್ತಾ?"

"ಹ್ಞೂಂ... ಹೇಗೋ ಏನೋ."

ಅದರ ಮುಂದಿನ ಗುರುವಾರವೂ ಹೋಯಿತು. ಅದರ ಮುಂದಿನದೂ. ಎರಡು ನಿಮಿಷದ ರಿಪೇರಿ ಇಪ್ಪತ್ತು ನಿಮಿಷಕ್ಕೆ ಬೆಳೆಯಿತು. ಅವನ ಅಮ್ಮ ಟಿವಿ ರಿಮೋಟನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಿದ್ದು ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಇಪ್ಪತ್ತು ನಿಮಿಷಕ್ಕಾಗಿ ಉಳಿದ ಆರು ದಿನಗಳನ್ನು ಹೇಗೋ ದೂಡುತ್ತಿದ್ದಳು.

ಹನ್ನೊಂದನೇ ಗುರುವಾರ ದೂರು ಕೊಡುವ ಮೊದಲೇ ಅವನು ಬಂದ. ಕೈಯಲ್ಲಿ ಉದ್ದನೆಯ ಕೇಬಲ್!

ಪರದೆಯಿಂದ ಮೇಜಿನವರೆಗೆ ಅದನ್ನು ಎಳೆದು, ಗೋಡೆಗೆ ಮೊಳೆ ಹೊಡೆದು ಬಿಗಿದ. "ಇನ್ಮೇಲೆ ವೈಫೈ ಕಾಟ ಇಲ್ಲ. ಇದನ್ನ ಚುಚ್ಚಿದ್ರೆ ಸಾಕು. ನನ್ನನ್ನ ಕರೆಯೋ ಅಗತ್ಯಾನೇ ಇಲ್ಲ."

ಒಂದು ಸಲವೂ ಅವಳ ಮುಖ ನೋಡಲಿಲ್ಲ.

'ಗೊತ್ತಾಗಿಬಿಡ್ತಾ? ನನ್ನ ಕಾಟ ಸಾಕಾಗಿಹೋಯ್ತಾ?...'

ಮೂರು ಗುರುವಾರ ಕಳೆದವು. ಕೇಬಲ್ ಒಮ್ಮೆಯೂ ಕೈಕೊಡಲಿಲ್ಲ, ಪಾಪಿ! ಅವಳ ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಪೆನ್ಸಿಲ್ ಕೆಳಗಿಟ್ಟರೆ ಗುಡುಗಿದಂತೆ ಕೇಳುತ್ತಿತ್ತು. ಬಾಡಿಗೆ ಮನೆಗೆ ಹೋದರೆ ಅಲ್ಲೂ ಒಂದೇ ತಟ್ಟೆ, ಒಂದೇ ಲೋಟ.

ಭಾನುವಾರ ಅಕ್ಕನ ಫೋನ್ ಬಂತು. "ಏನೇ ಇದು ದನಿ? ಶೀತಾನಾ?"

"ಇಲ್ಲಕ್ಕ... ಪರದೆ ಸರಿಯಾಗಿ ಬರ್ತಿದೆ."

"ಅದಕ್ಕೆ ಅಳ್ತಾರೇನೇ, ಕತ್ತೆ!"

ಕೊನೆಗೆ ಎಲ್ಲ ಬಾಯಿಬಿಟ್ಟಳು. ಅಕ್ಕ ಫಟ್ಟನೆ ಕೇಳಿದಳು. "ಅವನು ನಾಲ್ಕು ಮಹಡಿ ಇಳಿದು ಬಂದ. ನಿಂಗೆ ಹತ್ತೋಕೆ ಬರಲ್ವಾ? ಇಷ್ಟೊಂದು ಚಪ್ಪಲಿ ಯಾವ ಸಂಪತ್ತಿಗೆ ಮಾಡ್ತೀಯೇ?"

ಸೋಮವಾರ ಅವಳು ಹತ್ತಿದಳು. ನೂರು ಮೆಟ್ಟಿಲು, ಅವಳ ಎದೆಬಡಿತದ ಲೆಕ್ಕದಲ್ಲಿ ಹತ್ತು ಸಾವಿರ!

ಅವನದೂ ಒಂಟಿ ಕೋಣೆಯೇ. ಸತ್ತ ರೂಟರ್‌ಗಳ ರಾಶಿ. ಒಂದೇ ಕುರ್ಚಿ. ಅವಳನ್ನು ಕಂಡವನೇ ಎದ್ದು ನಿಂತ.

"ನಾನೊಂದು ಸುಳ್ಳು ಹೇಳಿದ್ದೆ," ಅವಳು ಒಂದೇ ಉಸಿರಿಗೆ ಅಂದಳು. "ಮೊದಲನೇ ಸಲ ಮಾತ್ರ ನಿಜ. ಆಮೇಲಿನ ಒಂಬತ್ತು ಸಲ ವೈಫೈ ಬದಲಾಯಿಸಿದ್ದು ನಾನೇ."

"ಗೊತ್ತು."

"ಗೊತ್ತಾ!"

"ತಾನಾಗಿ ಆ ಕಡೆ ಹೋಗದ ಹಾಗೆ ಮೊದಲನೇ ದಿನಾನೇ ಮಾಡಿದ್ದೆ. ಮತ್ತೆ ಹೋಗಬೇಕಂದ್ರೆ ಯಾರಾದ್ರೂ ಬೆರಳಾಡಿಸಬೇಕು."

"ಹಾಗಾದ್ರೆ ಕೇಬಲ್... ನಾನು ಬೇಡ ಅಂತ ತಾನೇ?"

ಅವನು ದೂರಿನ ಪುಸ್ತಕ ತೆರೆದು ಅವಳ ಮುಂದಿಟ್ಟ. ಅವಳ ದೂರುಗಳ ಎದುರು ಅವನ ಕೈಬರಹದಲ್ಲಿ ಒಂದೊಂದು ಕಾರಣ. 'ರೂಟರ್ ಬಿಸಿ.' 'ಗೋಡೆ ದಪ್ಪ.' 'ಹವಾಮಾನ.'

"ನೀವು ಒಂಬತ್ತು ಸುಳ್ಳು ಹೇಳಿದ್ರಿ, ನಾನೂ ಒಂಬತ್ತು ಬರೆದೆ. ಸಾಹೇಬ್ರಿಗೆ ಅನುಮಾನ ಬಂತು. ಇನ್ನೊಂದು ದೂರು ಬಂದ್ರೆ ಟ್ಯಾಬ್ಲೆಟ್ ಹೊರಗಿನವರ ಹತ್ರ ಪರೀಕ್ಷೆ ಮಾಡಿಸ್ತೀನಿ ಅಂದ್ರು. ನೀವೇ ಬದಲಾಯಿಸಿದ್ದು ಬಯಲಾಗಿ ನಿಮ್ಮ ಕೆಲಸಕ್ಕೇ ಕುತ್ತು ಬರ್ತಿತ್ತು. ಅದಕ್ಕೇ..."

"ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನಾಚ್ಕೊಂಡು ಮಾತೇ ಬಿಡ್ತೀರೇನೋ ಅಂತ ಹೆದರಿಕೆ."

"ಮೂರು ವಾರ ಬರ್ಲೂ ಇಲ್ಲ..." ಅವಳು ದೂರಿನ ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

"ದಿನಾ ನಿಮ್ಮ ಮೆಟ್ಟಿಲವರೆಗೂ ಬಂದು ವಾಪಸ್ ಹೋಗ್ತಿದ್ದೆ. ದೂರಿಲ್ದೆ ಏನಂತ ಹೇಳ್ಕೊಂಡು ಬರ್ಲಿ?"

"ನನ್ನ ಕಂಡ್ರೆ ಇಷ್ಟ ಅಂತ ಹೇಳ್ಕೊಂಡು ಬರ್ಬೇಕಿತ್ತು!"

ಅಂದೇಬಿಟ್ಟಳು!

ಅವನು ಕುರ್ಚಿಯ ಬೆನ್ನಿಗೆ ನೇತುಬಿದ್ದಿದ್ದ ವೈರುಗಳನ್ನೆಲ್ಲ ಬಾಚಿ ತೆಗೆದು, ಅಂಗಿಯ ತೋಳಿನಿಂದ ಅದನ್ನು ಒರೆಸಿದ. ತಾನು ಪ್ರಿಂಟರಿನ ಖಾಲಿ ಡಬ್ಬದ ಮೇಲೆ ಕುಳಿತ. ಡಬ್ಬ ಅರ್ಧ ಕುಸಿಯಿತು, ಅವನು ಏಳಲಿಲ್ಲ.

"ಇಷ್ಟ," ಎಂದ, ಮೆಲ್ಲಗೆ. "ತುಂಬಾ."

ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಇಬ್ಬರ ನಡುವಿನ ನೆಲದ ಮೇಲೆ ಬಿದ್ದಿತ್ತು. ಅವಳು ಕುರ್ಚಿಯ ಅಂಚಿನಲ್ಲಿ ಕುಳಿತಳು.

"ನನಗೀಗ ಇಲ್ಲಿ ಏನೂ ಕೆಲಸ ಇಲ್ಲ," ಎಂದಳು. "ಆದ್ರೂ ಸ್ವಲ್ಪ ಹೊತ್ತು ಇರ್ಲಾ?"

"ಕೇಳ್ಬೇಡಿ," ಅವನೆಂದ. "ಸರಿಯಾಗಿ ಒರಗಿ ಕೂತ್ಕೊಳ್ಳಿ."