ಕುರುಡುಬಾಯಿಯ ಕಲ್ಲು

"ಎಲ್ಲಿಂದಾದ್ರೂ ತಂದ್ಕೋ ನೆರೆಯೊ, ಕುರುಡುಬಾಯಿಯಿಂದ ಮಾತ್ರ ಕಲ್ಲು ಎತ್ತಬೇಡ. ಅಲ್ಲಿ ಮುಳುಗಿರೋ ಒಂದೊಂದು ಕಲ್ಲಿಗೂ ಒಬ್ಬೊಬ್ಬರ ಹೆಸರು ಕಟ್ಟಿದೆ" ಎಂದಳು ಅವನ ಹೆಂಡತಿಯ ಚಿಕ್ಕಮ್ಮ ಎಫಿಜೇನಿಯಾ, ಬಾಣಲೆಯಲ್ಲಿ ಬಾಳೆಕಾಯಿ ಹೋಳುಗಳನ್ನು ಮಗುಚುತ್ತ.

"ಒಳ್ಳೇದೇ ಆಯ್ತಲ್ಲ ಚಿಕ್ಕಮ್ಮ. ನನ್ನ ಮೀನುಗಳಿಗೂ ಓದೋಕೆ ಏನಾದ್ರೂ ಬೇಕಲ್ವಾ" ಎಂದು ನೆರೆಯೊ ನಕ್ಕ.

ಅವಳು ನಗಲಿಲ್ಲ. "ಎತ್ತಿದವನ ಹೆಸರು ಅದಕ್ಕೆ ಹತ್ತುತ್ತೆ" ಎಂದು ತಟ್ಟೆಯನ್ನು ಅವನ ಮುಂದೆ ಸರಿಸಿದಳು. ಒಳಕೋಣೆಯಲ್ಲಿ ಅವಳ ಮಗ ರದಾಮೆಸ್ ನರಳಿದ. ವರ್ಷಗಳಿಂದ ಹಾಸಿಗೆ ಹಿಡಿದವನು. ಮೈಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆಗಳು. ಮಚ್ಚೆ ಬಿದ್ದ ಕಡೆಯೆಲ್ಲ ಮಾಂಸ ಇಳಿದು ಎಲುಬು ಎದ್ದಿತ್ತು. ರಾಜಧಾನಿ ಸಾಂತೊ ದೊಮಿಂಗೊದ ದೊಡ್ಡ ಡಾಕ್ಟರುಗಳಿಗೂ ಅದು ಏನೆಂದು ಬಗೆಹರಿದಿರಲಿಲ್ಲ.

ನೆರೆಯೊ ಈ ಊರಿಗೆ ಹೊಸಬ. ಗುಡ್ಡದ ನಡುವಿನ ಸಾಂತಿಯಾಗೊದಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡಿದ್ದವನು, ಹೆಂಡತಿ ಯೊಕಾಸ್ತಾ ಬಸುರಿಯಾದ ಮೇಲೆ ಸಮಾನಾ ಕೊಲ್ಲಿಯ ಅವಳ ತವರೂರಿಗೆ ಬಂದು ನಿಂತಿದ್ದ. ಅವನಿಗಿದ್ದದ್ದು ಒಂದೇ ಹುಚ್ಚು: ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಇಟ್ಟ ಗಾಜಿನ ತೊಟ್ಟಿ. ಅದರೊಳಗೆ ಜೀವಂತ ಹವಳ. ಹಳದಿ ಬೆರಳುಗಳು, ನೇರಳೆ ಬೀಸಣಿಗೆಗಳು, ಹಸಿರು ಗುಂಡಿಗಳು. ನಡುವೆ ಒಂದು ದೊಡ್ಡ ಕಲ್ಲಿನ ಕೊರತೆ ಅವನನ್ನು ಕೊರೆಯುತ್ತಿತ್ತು.

ಮರುದಿನವೇ ಸಮುದ್ರ ಇಳಿದ ಹೊತ್ತು ನೋಡಿ ಕುರುಡುಬಾಯಿಗೆ ಹೋದ. ಬಂಡೆಗಳ ನಡುವಿನ ಆ ಕೊರಕಲಿಗೆ ಬಿಸಿಲು ಬೀಳುತ್ತಿರಲಿಲ್ಲ. ಕೇಡು ಬಯಸುವವರು ಬೇಡದವರ ಬಟ್ಟೆಯ ಚೂರು, ಕೂದಲು ಕಲ್ಲಿಗೆ ಕಟ್ಟಿಸಿ ಅಲ್ಲಿ ಮುಳುಗಿಸುತ್ತಿದ್ದರು; ನೀರಿನ ಹುಳಗಳು ಅದನ್ನು ತಿಂದಂತೆಲ್ಲ ಆ ಮನುಷ್ಯನೂ ಸವೆಯುತ್ತಾನೆಂದು ಊರಿನವರ ಮಾತು. ನೆರೆಯೊಗೆ ಕಂಡದ್ದು ಕಲ್ಲಷ್ಟೇ. ಗುಲಾಬಿ ಹೊದಿಕೆಯ, ಜೇನುಗೂಡಿನಂತೆ ತೂತುಬಿದ್ದ ಚೆಲುವಾದ ಕಲ್ಲು. ಒಂದು ತೂತಿನಲ್ಲಿ ಕೆಂಪು ದಾರ ಸಿಕ್ಕಿಕೊಂಡಿತ್ತು. ಎಳೆದರೆ ಕೂದಲು ಸುತ್ತಿದ, ಲೋಳೆಗಟ್ಟಿದ ಬಟ್ಟೆಯ ಉಂಡೆ ಹೊರಬಂತು. ಸತ್ತ ಇಲಿಯ ವಾಸನೆ. ಮೂಗು ಮುಚ್ಚಿ ಅದನ್ನು ಅಲೆಗೆ ಎಸೆದ. ಕಲ್ಲು ಮನೆ ಸೇರಿತು.

ಒಂದೆರಡು ವಾರ ತೊಟ್ಟಿ ನೋಡಲು ಅಕ್ಕಪಕ್ಕದವರೆಲ್ಲ ಬಂದರು. ಆಮೇಲೆ ಹಳದಿ ಬೆರಳುಗಳ ತುದಿ ಬೆಳ್ಳಗಾಗತೊಡಗಿತು. ಉಪ್ಪು ಹೆಚ್ಚಾಯಿತೆಂದು ನೆರೆಯೊ ನೀರು ಬದಲಿಸಿದ, ದೀಪ ಬದಲಿಸಿದ. ಬಿಳುಪು ಮಾತ್ರ ಇಳಿಯುತ್ತಲೇ ಹೋಯಿತು.

ಒಂದು ಸಂಜೆ ಕರೆಂಟು ಹೋಯಿತು. ಪಂಪು ನಿಂತು ಕೋಣೆ ಗಪ್ಪಾಯಿತು. ಆ ಮೌನದಲ್ಲಿ ಅವನಿಗೊಂದು ಸದ್ದು ಕೇಳಿಸಿತು, ಹಲ್ಲಿಲ್ಲದವರು ಮಾವಿನ ಓಟೆ ಚೀಪುವಂಥದ್ದು. ಟಾರ್ಚು ಹಾಕಿದ.

ಕಲ್ಲಿನ ತೂತಿನಿಂದ ಹೆಬ್ಬೆರಳು ಗಾತ್ರದ ಹುಳವೊಂದು ಇಳಿಬಿದ್ದಿತ್ತು. ಇಟ್ಟಿಗೆ ಬಣ್ಣ, ಉಂಗುರ ಉಂಗುರದ ಮೈ, ಎರಡೂ ಅಂಚಿಗೆ ಬಿಳಿ ರೋಮದ ಗೊಂಚಲು. ಹವಳದ ಬೆರಳೊಂದನ್ನು ಬುಡದವರೆಗೆ ಬಾಯೊಳಗೆ ಎಳೆದುಕೊಂಡು ಚೀಪುತ್ತಿತ್ತು. ಬಿಟ್ಟಾಗ ಉಳಿದದ್ದು ಬರೀ ಎಲುಬು.

ಬೆಂಕಿಹುಳ. ಹವಳ ತಿನ್ನುವ ಪೀಡೆ ಎಂದು ಅವನಿಗೆ ಗೊತ್ತಿತ್ತು. ಚಿಮಟ ತಂದು ಹಿಡಿದೆಳೆದ. ಅದು ನಡುವಿಗೆ ಹರಿದು ಹಳದಿ ಕೀವು ಕಾರಿತು. ಹಿಂದಿನ ಅರ್ಧ ಕಲ್ಲಿನೊಳಗೆ ನುಸುಳಿತು, ಮುಂದಿನ ಅರ್ಧ ಅವನ ಬೆರಳಿಗೆ ಸುತ್ತಿಕೊಂಡಿತು. ರೋಮಗಳು ಚುಚ್ಚಿದಲ್ಲಿ ಕೆಂಡ ಒತ್ತಿದಂತಾಯಿತು.

ಮರುದಿನ ಕೊಳವೆಯೊಂದರಲ್ಲಿ ಸೀಗಡಿ ತುಂಡಿಟ್ಟು ತೊಟ್ಟಿಯೊಳಗೆ ಬಿಟ್ಟ. ಬೆಳಿಗ್ಗೆ ಎತ್ತಿದರೆ ಕೊಳವೆ ಕಲ್ಲಿನಂತೆ ಭಾರ. ಬಕೆಟ್ಟಿನ ಸಿಹಿನೀರಿಗೆ ಕೊಡವಿದ. ಶಾವಿಗೆಯ ಹಾಗೆ ಒಂದಕ್ಕೊಂದು ಹೆಣೆದುಕೊಂಡ ಹುಳಗಳ ಮುದ್ದೆ ಪಚ್ಚನೆ ಬಿತ್ತು. ಸಿಹಿನೀರಿಗೆ ಅವು ಉಬ್ಬಿ ಒಡೆದವು. ಯೊಕಾಸ್ತಾ ಬಾಗಿಲಲ್ಲೇ ವಾಂತಿ ಮಾಡಿಕೊಂಡಳು. ಹಿಡಿದಷ್ಟೂ ಹೆಚ್ಚಾದವು. ಹವಳ ಗಂಜಿಯಾಗಿ ಕರಗಿತು. ಕೊಳೆತ ಮೊಟ್ಟೆಯ ನಾತ ಪರದೆಗೆ, ದಿಂಬಿಗೆ, ಅನ್ನಕ್ಕೆ ಅಂಟಿತು.

"ಆ ಕಲ್ಲನ್ನ ಆಚೆಗೆ ಬಿಸಾಕು ಮಾರಾಯ" ಎಂದಳು ಯೊಕಾಸ್ತಾ.

"ಹುಳಕ್ಕೆ ಹೆದರಿ ಕಲ್ಲು ಬಿಸಾಕಲಾ? ಹಟ ಅಂದ್ರೆ ನಂದೂ ಹಟವೇ" ಎಂದ. ಹಾಗೆನ್ನುವಾಗಲೇ ಅವನು ಚುಚ್ಚಿಸಿಕೊಂಡ ಬೆರಳನ್ನು ಜೇಬಿನಲ್ಲಿ ಮುಚ್ಚಿಟ್ಟಿದ್ದ.

ಬೆರಳು ಬೆಳ್ಳಗಾಗಿತ್ತು. ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಉಗುರಿನ ಸುತ್ತ ಹತ್ತಿಯ ನೂಲಿನಂಥ ರೋಮ. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಒಂದನ್ನು ಚಿಮಟದಿಂದ ಕಿತ್ತ. ಅದು ಬಂತು, ಬರುತ್ತಲೇ ಇತ್ತು, ಕೊನೆಗೆ ಉಂಗುರ ಉಂಗುರದ ಕೆಂಪು ತುದಿಯೊಂದು ಉಗುರಿನಡಿಯಿಂದ ಇಣುಕಿ, ಬೆಳಕು ಕಂಡು, ಒಳಕ್ಕೆ ಸರಿದುಕೊಂಡಿತು.

ಅಂದೇ ಮಧ್ಯಾಹ್ನ ಎಫಿಜೇನಿಯಾ ಮೀನಿನ ಸಾರು ತಂದಳು. ಮುಖದಲ್ಲಿ ಎಂದೂ ಇಲ್ಲದ ಕಳೆ.

"ರದಾಮೆಸ್ ಇವತ್ತು ಅಂಗಳದವರೆಗೆ ನಡೆದ ಕಣೇ. ಮಚ್ಚೆ ಇದ್ದ ಕಡೆಯೆಲ್ಲ ಮಾಂಸ ತುಂಬ್ಕೊಳ್ತಾ ಇದೆ."

ಯೊಕಾಸ್ತಾ ಸಾರಿನ ಪಾತ್ರೆ ತೆಗೆದುಕೊಳ್ಳಲಿಲ್ಲ. ಗಂಡನ ಕೈಯನ್ನು ಜೇಬಿನಿಂದ ಎಳೆದು ಚಿಕ್ಕಮ್ಮನ ಮುಂದೆ ಹಿಡಿದಳು. "ಆ ಕಲ್ಲು ಯಾರ ಹೆಸರಿಂದು?"

ಮುದುಕಿ ಆ ಬೆರಳನ್ನು ನೋಡಿದಳು. "ನನ್ನ ಮಗಂದೇ. ಒಬ್ಬ ಹುಡುಗೀನ ಕೈಬಿಟ್ಟ ಅಂತ ಅವಳಪ್ಪ ಮಾಡಿಸಿದ್ದು. ಅದು ಯಾರದು ಅಂತ ಗೊತ್ತಿದ್ದವರು ಎತ್ತಿದ್ರೆ ಅವನು ಅಲ್ಲೇ ಸಾಯ್ತಾನೆ ಅಂದಿದ್ರು. ಗೊತ್ತಿಲ್ಲದೋರು ಎತ್ಬೇಕಿತ್ತು."

"ಅದಕ್ಕೇ ನನ್ನನ್ನ ಕೆಣಕಿದ್ರಾ?" ಎಂದ ನೆರೆಯೊ.

"ಎತ್ತಬೇಡ ಅಂತಾನೇ ಹೇಳ್ದೆ. ಎತ್ತಲಪ್ಪಾ ದೇವರೇ ಅಂತಾನೂ ಬೇಡ್ಕೊಂಡೆ. ಹೆತ್ತವಳು ಇನ್ನೇನು ಮಾಡ್ಲಿ?"

ಯೊಕಾಸ್ತಾ ತನ್ನ ಅಂಗಿ ಎತ್ತಿದಳು. ಬಸಿರಿನ ಹೊಟ್ಟೆಯ ಮೇಲೆ, ಹೊಕ್ಕುಳಿನ ಪಕ್ಕದಲ್ಲಿ, ಉಗುರಿನಷ್ಟಗಲದ ಬಿಳಿ ಮಚ್ಚೆ. ಅದರ ನಟ್ಟನಡುವೆ ಒಂದೇ ಒಂದು ರೋಮ. ಗಾಳಿಯಿಲ್ಲದಿದ್ದರೂ ಅದು ಅಲುಗಿತು.

ನೆರೆಯೊ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳ ಮುಂದೆ ಮಂಡಿಯೂರಿ ಕುಳಿತ.

ಎಫಿಜೇನಿಯಾ ಪಾತ್ರೆ ಕೆಳಗಿಟ್ಟಳು. ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿದಳು. ನರೆಗೂದಲಿನ ಒಂದು ಹಿಡಿ ಕಿತ್ತು ಅದರಲ್ಲಿ ಸುತ್ತಿದಳು. "ಮಗ ಈಗ ಅದರಿಂದ ಬಿಡಿಸ್ಕೊಂಡಿದ್ದಾನೆ. ಇನ್ನು ನಾನು ಮುಟ್ಟಿದ್ರೆ ನನಗೇ ಹತ್ತೋದು. ಜರುಗು."

"ಚಿಕ್ಕಮ್ಮ, ಬೇಡ" ಎಂದ ನೆರೆಯೊ. ತಡೆಯಲು ಮಾತ್ರ ಏಳಲಿಲ್ಲ.

ಮಳೆಮೋಡ ಕವಿದಿತ್ತು. ಕರೆಂಟು ಹೋಯಿತು. ಕೋಣೆ ಕತ್ತಲಾಯಿತು. ಅವಳು ತೊಟ್ಟಿಯೊಳಗೆ ತೋಳು ಇಳಿಸಿದಳು. ನೀರು ಗಂಜಿಯಷ್ಟು ಮಂದ. ಕಲ್ಲು ಅಲುಗಿತು. ತೂತುಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ಹುಳಗಳು ಬಂದವು. ಮಣಿಕಟ್ಟು ಮುಚ್ಚಿತು. ಮೊಣಕೈ ಮುಚ್ಚಿತು. ಅವಳು ಕಿರುಚಲಿಲ್ಲ, ಹಲ್ಲು ಕಚ್ಚಿದಳು. ಚೀಪುವ ಸದ್ದು. ಎಲ್ಲೆಡೆ ಅದೇ ಸದ್ದು. ಕಲ್ಲು ಮೇಲೆ ಬಂತು. ವಸ್ತ್ರವನ್ನು ತೂತಿಗೆ ತುರುಕಿದಳು. ಬಿಗಿದಳು. ಗಂಟು ಹಾಕಿದಳು. ಕಲ್ಲನ್ನು ಕೂಸಿನಂತೆ ಎದೆಗವಚಿಕೊಂಡು ಮಳೆಗೆ ಇಳಿದಳು. ನೆರೆಯೊ ಹಿಂದೆ ಓಡಿದ. ಜಾರಿದ. ಎದ್ದ. ಕುರುಡುಬಾಯಿಯ ಕಪ್ಪು ನೀರು ಕಲ್ಲನ್ನು ನುಂಗಿ ಗುಳಕ್ಕೆಂದಿತು.

ಅವನ ಬೆರಳಿನಲ್ಲಿ ಏನೋ ಸಡಿಲವಾಯಿತು. ಉಗುರಿನ ಸಮೇತ ತುದಿಯ ಗಿಣ್ಣು ಒಣಗಿದ ತೊಗಟೆಯಂತೆ ಕಳಚಿ ಮರಳಿಗೆ ಬಿತ್ತು. ರಕ್ತ ಬರಲಿಲ್ಲ. ಮನೆಗೆ ಬಂದರೆ ಯೊಕಾಸ್ತಾಳ ಹೊಟ್ಟೆಯ ಮೇಲಿನ ಮಚ್ಚೆ ಮಾಯವಾಗಿತ್ತು.

ಮಗು ಸುಖವಾಗಿ ಹುಟ್ಟಿತು. ಹೆಣ್ಣು. ರದಾಮೆಸ್ ಮೈ ತುಂಬಿಕೊಂಡು, ದೂರದ ಪುಂತಾ ಕಾನಾದ ಹೋಟೆಲೊಂದರಲ್ಲಿ ಕೆಲಸ ಹಿಡಿದ. ಅಮ್ಮನ ಕೋಣೆಯ ನಾತ ತನಗೆ ತಡೆಯಲಾಗುವುದಿಲ್ಲವೆಂದು ಹೇಳಿ ಹೋದವನು ತಿರುಗಿ ಬರಲಿಲ್ಲ. ಯೊಕಾಸ್ತಾ ಮಗುವನ್ನು ಆ ಹೊಸ್ತಿಲು ದಾಟಿಸಲಿಲ್ಲ.

ನೆರೆಯೊ ಮಾತ್ರ ದಿನಾ ಹೋಗುತ್ತಾನೆ. ಬೇಯಿಸಿದ ಬಾಳೆಕಾಯಿಯನ್ನು ಮೆತ್ತಗೆ ಹಿಸುಕಿ, ಬಿಳಿಯ ಎಲುಬಿನಂತಾದ ಮುದುಕಿಯ ತಲೆಯನ್ನು ತೋಳಿನ ಮೇಲೆ ಎತ್ತಿಕೊಳ್ಳುತ್ತಾನೆ. "ವಾಸನೆ ಬರ್ತಿದೆಯೇನಪ್ಪಾ?" ಎಂದು ಅವಳು ಕೇಳುತ್ತಾಳೆ.

"ಇಲ್ಲ ಚಿಕ್ಕಮ್ಮ. ಬಾಯಿ ತೆಗೀರಿ."

ಅವಳು ಬಾಯಿ ತೆರೆಯುತ್ತಾಳೆ. ನಾಲಿಗೆಯ ಅಂಚಿನುದ್ದಕ್ಕೂ ಬಿಳಿ ರೋಮಗಳು ಎದ್ದು ಚಮಚದ ಕಡೆಗೆ ಬಾಗುತ್ತವೆ. ನೆರೆಯೊ ಇನ್ನೊಂದು ಚಮಚ ತುಂಬುತ್ತಾನೆ.