ಎಂಟನೆಯ ಮನೆಯ ಕುಜ

ಹದಿನಾಲ್ಕು ವರ್ಷ ಊರವರ ಜಾತಕ ಬರೆದುಕೊಟ್ಟವನಿಗೆ ಹೆಣ್ಣು ಕೊಡಲು ಜಾತಕ ಅಡ್ಡ ಬಂತು. ಜಾತಕವೇ ಇಲ್ಲದವನಿಗೆ ಅದೇ ಹೆಣ್ಣು ಕೊಡಲು ಏನೂ ಅಡ್ಡ ಬರಲಿಲ್ಲ. ರೇವಣಸಿದ್ದನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಇದಕ್ಕೇ.

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಗದೇವಪ್ಪ ಮಾಸ್ತರರ ಮನೆ, ಅದರ ಮುಂಭಾಗವೇ ಜ್ಯೋತಿಷ್ಯದ ಕೋಣೆ. ಮಾಸ್ತರರು ದೇವಾಪುರದ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಕಲಿಸಿ, ನಿವೃತ್ತರಾದ ಮೇಲೆ ಪೂರ್ತಿ ಗ್ರಹಗಳ ಕಡೆ ತಿರುಗಿದವರು. ಅವರಲ್ಲಿ ಒಂದು ಪದ್ಧತಿಯಿತ್ತು. ಹುಟ್ಟಿದ ದಿನ, ವೇಳೆ ಗೊತ್ತಿದ್ದವರು ಮುಂದಿನ ಕೋಣೆಯಲ್ಲಿ ರೇವಣಸಿದ್ದನ ಕಂಪ್ಯೂಟರಿನ ಎದುರು ಕೂರಬೇಕು. ಗೊತ್ತಿಲ್ಲದವರು ನೇರ ಒಳಗೆ ಮಾಸ್ತರರ ಚಾಪೆಗೆ ಹೋಗಬೇಕು, ಅವರಿಗೆ ಹೆಸರಿನ ಮೊದಲ ಅಕ್ಷರದ ಮೇಲೆ ಬಲ ನೋಡುವುದು. ಆ ಒಳಗಿನ ಗಿರಾಕಿಗಳನ್ನು ಕಂಡರೆ ರೇವಣಸಿದ್ದನಿಗೆ ತಾತ್ಸಾರ. ಹುಟ್ಟಿದ ದಿನವೇ ಗೊತ್ತಿಲ್ಲದ ಮನುಷ್ಯನಿಗೆ ಗ್ರಹ ಎಲ್ಲಿಂದ ಬರಬೇಕು? ಅವರತ್ತ ಅವನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ.

ಅವನ ಜಾತಕವಾದರೆ ಅವನ ಅಪ್ಪ ಹೆರಿಗೆ ಕೋಣೆಯ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತು ಬರೆಸಿದ್ದು. ನಿಮಿಷವೂ ಆಚೀಚೆ ಇಲ್ಲ. ಎರಡು ವರ್ಷದ ಹಿಂದೆ ಮಾಸ್ತರರ ಮಗಳು ಸುನಿತಾಳನ್ನು ಕೇಳಿದಾಗ ಅವನಿಗೆ ಮುಳುವಾದದ್ದೂ ಆ ನಿಖರತೆಯೇ.

"ನಿನ್ನ ಹತ್ತನೇ ಮನ್ಯಾಗ ಶನಿ ಕುಂತಾನಪಾ," ಅಂದಿದ್ದರು ಮಾಸ್ತರರು. "ಹತ್ತನೇ ದೃಷ್ಟಿಲೆ ನೆಟ್ಟಗ ಏಳನೇ ಮನಿ ನೋಡಾಕತ್ತಾನ. ಏಳನೇದು ಮದವಿ ಮನಿ. ಗೊತ್ತಿದ್ದೂ ಗೊತ್ತಿದ್ದೂ ಮಗಳನ್ನ ಹ್ಯಾಂಗ ಕೊಡ್ಲಿ, ನೀನಽ ಹೇಳು."

ಏನು ಹೇಳುವುದು? ಎಲ್ಲ ಗ್ರಹವೂ ತನ್ನೆದುರಿನ ಏಳನೆಯ ಮನೆಯನ್ನು ನೋಡುತ್ತದೆ. ಅದಲ್ಲದೆ ಕುಜನಿಗೆ ನಾಲ್ಕು ಮತ್ತು ಎಂಟರ ಮೇಲೆ, ಗುರುವಿಗೆ ಐದು ಮತ್ತು ಒಂಬತ್ತರ ಮೇಲೆ, ಶನಿಗೆ ಮೂರು ಮತ್ತು ಹತ್ತರ ಮೇಲೆ ಕಣ್ಣು. ಇದನ್ನು ಊರಿಗೆಲ್ಲ ಪಾಠ ಒಪ್ಪಿಸುತ್ತಿದ್ದವನೇ ಅವನು. ಶನಿಯ ನೋಟ ಮದುವೆಯನ್ನು ತಡ ಮಾಡುತ್ತದೆ, ಕೆಡಿಸುವುದಿಲ್ಲ ಎಂದು ವಾದಿಸಬಹುದಿತ್ತು. ಮೂವತ್ತಾರು ತುಂಬಿದವನಿಗೆ ಇನ್ನೆಷ್ಟು ತಡವಾಗಬೇಕು? ಆದರೂ ಹೂಂ ಅಂದಿದ್ದ.

ಈ ವರ್ಷ ದೇವಾಪುರದ ಗೊಲ್ಲಾಳಮ್ಮ ಬಂದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಭೀಮಾಶಂಕರ ಸುರಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಅವನಿಗೆ ಸುನಿತಾಳನ್ನು ಕೇಳಲು ಬಂದಿದ್ದಳು. ಮಾಸ್ತರರು ಜಾತಕ ಕೇಳಿದರು.

"ಎಲ್ಲೀ ಜಾತಕ್ರೀ ಮಾಸ್ತರ? ಹಿಂಗಾರಿ ಜೋಳದ ರಾಶಿ ಮಾಡುವಾಗ ಹುಟ್ಟ್ಯಾನ. ಅಷ್ಟಽ ನನಗ ಗೊತ್ತು."

ಮಾಸ್ತರರು ನಕ್ಕರು. "ಇರ್ಲಿ ಬಿಡು. ಹುಡುಗ ನನ್ನ ಕೈಯಾಗ ಅಕ್ಷರ ಕಲ್ತಾನ. ಹೆಸರಿನ ಮ್ಯಾಲ ನೋಡ್ತೀನಿ," ಅಂದರು. ಹತ್ತು ನಿಮಿಷದಲ್ಲಿ ಬಲ ಕೂಡಿಬಂತು. ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದ ರೇವಣಸಿದ್ದನ ಮೈ ಉರಿಯಿತು. ಹನ್ನೆರಡು ರಾಶಿಯಲ್ಲಿ ಈ ಜೋಳದ ರಾಶಿ ಯಾವುದೋ! ಭೀಮಾಶಂಕರನಿಗಿರುವ ಒಂದೇ ಯೋಗ್ಯತೆಯೆಂದರೆ ಅವನ ದೋಷ ಎಲ್ಲೂ ಬರೆದಿಟ್ಟಿಲ್ಲ ಎಂಬುದು. ಹಾಗಾದರೆ ಬರೆದಿಟ್ಟರಾಯಿತು.

ಯೋಚನೆ ಅಲ್ಲಿಂದ ಶುರುವಾಯಿತು. ಮಾಸ್ತರರ ಟ್ರಂಕಿನಲ್ಲಿ ಸುರಪುರದ ಮೋನಪ್ಪ ಜೋಯಿಸರ ಕಾಗದಗಳ ಗಂಟು ಇತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ಮೋನಪ್ಪನವರು ಕೂಸು ಹುಟ್ಟಿದ ತಿಂಗಳೊಳಗೆ ಜಾತಕ ಬರೆದು ಒಂದು ಪ್ರತಿ ತಾವು ಇಟ್ಟುಕೊಳ್ಳುತ್ತಿದ್ದರು. ಅವರು ಸತ್ತು ಇಪ್ಪತ್ತು ವರ್ಷದ ಮೇಲಾಗಿತ್ತು. ಆ ಗಂಟಿನಲ್ಲಿ ಭೀಮಾಶಂಕರನದೂ ಒಂದು ಜಾತಕ ಇದ್ದರೆ? ಅಪ್ಪ ಬರೆಸಿದ್ದ, ಓದಲು ಬಾರದ ಅವ್ವನಿಗೆ ಗೊತ್ತೇ ಇರಲಿಲ್ಲ ಎಂದುಕೊಳ್ಳುತ್ತಾರೆ. ಅಲ್ಲ ಎನ್ನಲು ಬರೆದವರೂ ಬದುಕಿಲ್ಲ, ಬರೆಸಿದವನೂ ಬದುಕಿಲ್ಲ.

ಹುಟ್ಟಿದ ದಿನ ತಾನಾಗಿಯೇ ಕೈಗೆ ಬಂತು. ಮದುವೆ ನೋಂದಣಿಯ ಕೆಲಸವನ್ನು ಮಾಸ್ತರರು ಅವನಿಗೇ ಹಚ್ಚಿ, ವರನ ಆಧಾರ್ ಝೆರಾಕ್ಸ್ ಕೊಟ್ಟಿದ್ದರು. ಸಾವಿರದ ಒಂಬೈನೂರ ತೊಂಬತ್ಮೂರು, ಜೂನ್ ಒಂದು. ಅವ್ವನಿಗೆ ನೆನಪಿಲ್ಲದ್ದು ಸರಕಾರಕ್ಕೆ ನೆನಪಿತ್ತು. ಕಂಪ್ಯೂಟರಿಗೆ ಹಾಕಿ ನೋಡಿದ. ಮಂಗಳವಾರ, ಕುಜನದೇ ವಾರ. ಕುಜ ಕರ್ಕದಲ್ಲಿ, ನೀಚ ಸ್ಥಾನದಲ್ಲಿ ಕೂತಿದ್ದ. ನಾಲ್ಕನೆಯ ದೃಷ್ಟಿ ತುಲೆಯ ಚಂದ್ರನ ಮೇಲೆ, ಎಂಟನೆಯ ದೃಷ್ಟಿ ಕುಂಭದ ಶನಿಯ ಮೇಲೆ. ರೇವಣಸಿದ್ದನಿಗೆ ಅಳು ಬರುವಷ್ಟು ಖುಷಿಯಾಯಿತು. ಎರಡು ವರ್ಷದಿಂದ ತನ್ನ ವಿರುದ್ಧವೇ ನಿಂತಿದ್ದ ಆಕಾಶ ಕೊನೆಗೂ ತನ್ನ ಕಡೆ ವಾಲಿತ್ತು.

ಉಳಿದದ್ದು ಹುಟ್ಟಿದ ವೇಳೆ ಮಾತ್ರ, ಅದು ಅವನ ಕೈಯಲ್ಲೇ ಇತ್ತು. ರಾತ್ರಿ ಹತ್ತು ಎಂದರೆ ಮಕರ ಲಗ್ನ, ಅಂದರೆ ಮಕರವೇ ಮೊದಲನೆಯ ಮನೆ, ಕುಜ ಏಳನೆಯ ಮನೆಗೆ ಬೀಳುತ್ತಾನೆ. ಆದರೆ ಏಳನೆಯ ಮನೆ ಕರ್ಕವಾಗಿದ್ದರೆ ಕುಜದೋಷಕ್ಕೆ ವಿನಾಯಿತಿ ಉಂಟು, ಮೇಲಾಗಿ ಗುರು ಐದನೆಯ ದೃಷ್ಟಿಯಿಂದ ಲಗ್ನವನ್ನು ಕಾಯುತ್ತಾನೆ. ಮಾಸ್ತರರು ಅದನ್ನು ಹಿಡಿದುಕೊಂಡು ಮದುವೆ ಮಾಡಿಯೇ ಬಿಡುತ್ತಾರೆ. ಸಂಜೆ ಏಳೂ ನಲವತ್ತು ಎಂದರೆ ಧನು ಲಗ್ನ, ಕುಜ ಎಂಟರಲ್ಲಿ. ಹೆಂಡತಿ ಬದುಕುವುದಿಲ್ಲ ಎಂದು ಮಾಸ್ತರರು ದನಿ ತಗ್ಗಿಸಿ ಹೇಳುವ ಜಾತಕ ಅದೇ. ಗುರುವಿನ ನೋಟ ಕುಟುಂಬದ ಮನೆಯ ಮೇಲೆ ಒಂದಿಷ್ಟು ಬೀಳುತ್ತಿತ್ತು. ಬೀಳಲಿ ಎಂದುಕೊಂಡ. ಪೂರ್ತಿ ಕೆಟ್ಟ ಜಾತಕವನ್ನು ಯಾರೂ ನಂಬುವುದಿಲ್ಲ.

ಕಾಗದಕ್ಕೆ ಮೋನಪ್ಪನವರದೇ ಹಳೆಯ ವಹಿಯ ಕೊನೆಯ ಖಾಲಿ ಹಾಳೆ ಸಿಕ್ಕಿತು. ಅಂಚು ಹಳದಿಯಾಗಿ ಜಿರಳೆ ತಿಂದಿತ್ತು. ಅವರ ಅಕ್ಷರ ರೇವಣಸಿದ್ದನಿಗೆ ತನ್ನ ಅಕ್ಷರಕ್ಕಿಂತ ಚೆನ್ನಾಗಿ ಬರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಸ್ತರರೇ ಆ ಹಳೆಯ ಜಾತಕಗಳನ್ನು ನಕಲು ಮಾಡಿಸಿ ಕಲಿಸಿದ್ದರು. ಮಾಸ್ತರರು ಊಟ ಮಾಡಿ ಮಲಗುವ ನಾಲ್ಕು ಮಧ್ಯಾಹ್ನ ಕೂತು ಬರೆದ. ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಊರು, ಕೂಸಿನ ಹೆಸರು, ಆಮೇಲೆ ಸಣ್ಣಗೆ ಶ್ರೀಮುಖ ಸಂವತ್ಸರ, ಜ್ಯೇಷ್ಠ ಮಾಸ, ಇಂಗ್ಲಿಷ್ ತಾರೀಖು, ವಾರ, ವೇಳೆ, ತಂದೆಯ ಹೆಸರು, ಕೆಳಗೆ ಕುಂಡಲಿಯ ಚೌಕ. ಮಸಿಗೆ ಚಹಾದ ಡಿಕಾಕ್ಷನ್ ಬೆರೆಸಿದ್ದ. ಹಾಳೆಯನ್ನು ಎಂಟು ದಿನ ಜೋಳದ ಚೀಲದೊಳಗೆ ಇಟ್ಟು ತೆಗೆದ. ಗಂಟಿನಲ್ಲಿ ಸುರಪುರದ ಚಂದ್ರಕಲಾ ಎಂಬವಳ ಜಾತಕದ ಕೆಳಗೇ ಅದನ್ನು ಸೇರಿಸಿದ.

ಅಂದು ಸುನಿತಾ ಚಹಾ ತಂದಿಟ್ಟು, "ಯಾಕ ರೇವಣಸಿದ್ದಣ್ಣಾ, ಮಾರಿ ಇಷ್ಟಗಲ ಆಗ್ಯಾದ?" ಎಂದು ಕೇಳಿದಳು.

ಅಣ್ಣ ಅನ್ನುವುದು ಬಾಯಿಯ ರೂಢಿ, ಬಿಡಿಸಬಹುದು ಅಂದುಕೊಂಡ.

ಮದುವೆಗೆ ಹನ್ನೆರಡು ದಿನ ಉಳಿದಿತ್ತು. ತಿಂಥಣಿಯಲ್ಲಿ ಲಗ್ನ, ಕಾರ್ಡು ಹಂಚಿ ಮುಗಿದಿತ್ತು. ಸೋಮವಾರ ಮುಂಜಾನೆ ರೇವಣಸಿದ್ದ ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದ: "ಮಾಸ್ತರ, ಸುರಪುರದ ಚಂದ್ರಕಲಾ ಫೋನ್ ಮಾಡಿದ್ರು. ಅವರ ಜಾತಕ ಮೋನಪ್ಪನವರ ಗಂಟಿನ್ಯಾಗ ಐತೇನು ನೋಡಬೇಕಂತ್ರಿ." ತಾನು ಗಂಟನ್ನು ಮುಟ್ಟಬಾರದು, ಅದೇ ಮುಖ್ಯ. ಮಾಸ್ತರರೇ ಬಿಚ್ಚಬೇಕು, ಮಾಸ್ತರರೇ ಕಾಣಬೇಕು.

ಮಾಸ್ತರರು ಬಿಚ್ಚಿದರು. ಒಂದೊಂದೇ ಹಾಳೆ ಸರಿಸಿದರು. ಚಂದ್ರಕಲಾಳ ಹಾಳೆ ಎತ್ತಿದಾಗ ಅದರ ಕೆಳಗಿನದರ ಮೇಲೆ ಕೈ ನಿಂತಿತು. ಯಾವ ಜಾತಕವಾದರೂ ಅವರ ಕಣ್ಣು ಮೊದಲು ಹೋಗುವುದು ಹೆಸರಿಗೆ, ಕುಂಡಲಿಯ ಚೌಕಕ್ಕೆ, ಸಣ್ಣ ಬರಹ ಆಮೇಲೆ.

"ದೇವಾಪುರದ ಭೀಮಾಶಂಕರ..." ಅಂದರು. "ಎಂಟನೇ ಮನ್ಯಾಗ ಕುಜ. ಅದೂ ನೀಚ. ಶನಿನ್ನ ನೋಡಾಕತ್ತಾನ, ಚಂದ್ರನ್ನ ನೋಡಾಕತ್ತಾನ... ಯವ್ವಾ ಸುನಿತಾ, ಬಾ ಇಲ್ಲಿ."

ಸುನಿತಾ ಬಾಗಿಲಲ್ಲಿ ನಿಂತಳು. ಅಪ್ಪನ ಮುಖ ನೋಡಿಯೇ ಅವಳ ಕಣ್ಣು ತುಂಬಿದವು. "ಲಗ್ನ ನಿಲ್ಲಸಬೇಕಾಗ್ತದವ್ವಾ," ಎಂದು ಮಾಸ್ತರರು ಫೋನಿಗೆ ಕೈ ಚಾಚಿದರು. ರೇವಣಸಿದ್ದ ಎದ್ದು ಬಂದು, ಏನೂ ಅರಿಯದವನಂತೆ, ಅವರ ಚಷ್ಮವನ್ನು ಒರೆಸಿ ಕೊಟ್ಟ. ಎರಡು ವರ್ಷದ ಸಿಟ್ಟು ಒಂದೇ ನಿಮಿಷದಲ್ಲಿ ಇಳಿದುಹೋದಂತಾಯಿತು.

ಮಾಸ್ತರರು ಚಷ್ಮ ಹಾಕಿಕೊಂಡು ಈಗ ಮೇಲಿನ ಸಣ್ಣ ಬರಹ ಓದಿದರು. ಇನ್ನೊಮ್ಮೆ ಓದಿದರು. ಫೋನನ್ನು ಕೆಳಗಿಟ್ಟರು. "ಜೂನ್ ಒಂದು," ಅಂದರು, ತಮಗೆ ತಾವೇ ಎಂಬಂತೆ. "ಗೊಲ್ಲಾಳಮ್ಮ ಈ ಹುಡುಗನ್ನ ಸಾಲಿಗಿ ಹಚ್ಚಾಕ ಕರಕೊಂಡು ಬಂದಾಗ ತಾರೀಖು ಕೇಳಿದೆ. ಜೋಳದ ರಾಶಿ ಮಾಡುವಾಗ ಅಂದ್ಲು. ಸಾಲಿ ಸುರು ಆಗೂದು ಜೂನ್ ಒಂದಕ್ಕ, ಅವತ್ತಿಗಿ ಆರು ತುಂಬಿರಬೇಕು. ಅದನ್ನಽ ಬರಕೊಂಡೆ, ಆಧಾರಿಗೂ ಅದಽ ಹೋತು. ಅವಗಷ್ಟಽ ಅಲ್ಲ, ಹುಟ್ಟಿದ ದಿನ ಗೊತ್ತಿಲ್ಲದ ಎಲ್ಲಾ ಕೂಸಿಗೂ ನಾ ಅದಽ ಬರದೀನಿ. ಅರ್ಧ ದೇವಾಪುರ ಜೂನ್ ಒಂದಕ್ಕಽ ಹುಟ್ಟ್ಯಾದ." ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ಮಡಿಲಲ್ಲಿ ಇಟ್ಟುಕೊಂಡರು. "ನಾ ಆರು ವರ್ಷ ಆದ ಮ್ಯಾಲ ಮಾಡಿದ ತಾರೀಖು, ಕೂಸು ಹುಟ್ಟಿದ ತಿಂಗಳಾಗ ಮೋನಪ್ಪಗ ಹ್ಯಾಂಗ ಗೊತ್ತಾತು?" ಆಮೇಲೆ ತಲೆಯೆತ್ತಿ ಮೆಲ್ಲಗೆ ಕೇಳಿದರು: "ಆಧಾರ್ ಝೆರಾಕ್ಸ್ ನಿನ್ನ ಕೈಯಾಗಽ ಕೊಟ್ಟಿದ್ದೆ ಅಲ್ಲ, ರೇವಣಸಿದ್ದ?"