ತೊಳೆದಿಟ್ಟ ಗೋಡೆಗಳ ಮುಂದೆ

"ಈ ಗೋಡೆ ತೊಳೆದವರು ಯಾರು?"

ಅವಳ ದನಿ ಅವಳಿಗೇ ಪರಕೀಯವೆನಿಸುವಷ್ಟು ಗಡುಸಾಗಿತ್ತು.

ಬೆಂಕಿ ಬಿದ್ದ ಸೋಫಾ ಅಂಗಡಿಯ ಬಾಗಿಲಲ್ಲಿ ಅವಳು ನಿಂತಿದ್ದಳು. ಕೊರಳಲ್ಲಿ ವಿಮಾ ಕಂಪನಿಯ ಗುರುತಿನ ಚೀಟಿ, ಹೆಗಲಿಗೆ ಕ್ಯಾಮೆರಾ. ಒಳಗೆ ಮಸಿ ಹಿಡಿದ ಗೋಡೆಗಳಿರಬೇಕಿತ್ತು. ಕರಕಲಾದ ಚೌಕಟ್ಟುಗಳು, ಬೂದಿಯ ರಾಶಿ ಇರಬೇಕಿತ್ತು. ಇದ್ದುದೇನು? ಸೋಪಿನ ವಾಸನೆ! ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ನಾವೇ," ಎಂದನು ಎದುರಿಗಿದ್ದ ತರುಣ ಮಾಲೀಕ. ಬಲಗೈಗೆ ಸುತ್ತಿದ್ದ ಬಟ್ಟೆಯ ಅಂಚಿನಲ್ಲಿ ಸುಟ್ಟ ಚರ್ಮ ಕೆಂಪಗೆ ಇಣುಕುತ್ತಿತ್ತು. ನಿದ್ದೆಗೆಟ್ಟ ಕಣ್ಣುಗಳು.

"ನಾವೇ ಅಂದ್ರೆ? ಬೆಂಕಿ ಎಲ್ಲಿಂದ ಶುರುವಾಯ್ತು ಅಂತ ಈಗ ನಾನು ಏನನ್ನ ನೋಡಿ ಹೇಳ್ಲಿ? ಗುರುತೆಲ್ಲ ಚರಂಡಿಗೆ ಹೋಯ್ತಲ್ಲ! ಏನನ್ನ ಮುಚ್ಚಿಡೋಕೆ ಇಷ್ಟು ಅವಸರ?"

ಮಾತು ಬಾಯಿಂದ ಜಾರಿತ್ತು. ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಅವನ ಮುಖ ಬಿಳಿಚಿತು. "ಮೇಡಂ, ಸುಟ್ಟಿರೋದು ನನ್ನ ದುಡಿಮೆ. ಕಳ್ಳ ಅನ್ನೋ ಹಾಗಿದ್ರೆ ನೇರವಾಗಿ ಅನ್ನಿ. ಸುತ್ತಿ ಬಳಸಿ ಯಾಕೆ?"

"ಅವನನ್ನ ಬೈಬೇಡ ಕಣಮ್ಮಾ!" ಹಿಂದಿನ ಕೋಣೆಯಿಂದ ಒದ್ದೆ ಪೊರಕೆ ಹಿಡಿದು ಅವನ ತಾಯಿ ಓಡಿ ಬಂದಳು. "ಬೇಡ ಬೇಡ ಅಂತಾನೇ ಇದ್ದ. ತೊಳೆದದ್ದು ನಾನು. ದೊಡ್ಡ ಆಫೀಸಿನಿಂದ ನೋಡೋಕೆ ಬರ್ತಾರೆ ಅಂದ್ರು. ಬಂದವರನ್ನ ಬೂದಿ ಮೇಲೆ ನಿಲ್ಲಿಸೋದಾ? ಅದಕ್ಕೇ ಉಜ್ಜಿ ಉಜ್ಜಿ... ಸೊಂಟವೇ ಬಿದ್ದುಹೋಯ್ತು ನೋಡು."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಏಕೆಂದರೆ ಇದು ಅವಳು ಒಬ್ಬಳೇ ಪರಿಶೀಲಿಸಬೇಕಾಗಿದ್ದ ಮೊದಲ ನಷ್ಟ. ಇದುವರೆಗೆ ಹಿರಿಯ ಅಧಿಕಾರಿಯ ಬೆನ್ನ ಹಿಂದೆ ನಿಂತು ಕಲಿತಿದ್ದಳು. ಜೇಬಿನಲ್ಲಿ ಸದಾ ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದ ಆತನಿಗೆ ಕಚೇರಿಯಲ್ಲಿ ಅದೇ ಹೆಸರು. ಈ ಒಂದು ವರದಿಯನ್ನು ತಪ್ಪಿಲ್ಲದೆ ಮುಗಿಸಿದರೆ ನೌಕರಿ ಖಾಯಂ. ಮುಗಿಸದಿದ್ದರೆ? ಅಪ್ಪ ಕಾದು ಕುಳಿತಿದ್ದರು. 'ಸುಟ್ಟ ಅಂಗಡಿ, ಜಜ್ಜಿದ ಕಾರು ಅಂತ ಅಲೆಯೋ ಕೆಲಸ ನಿನಗ್ಯಾಕೆ? ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂತ್ಕೋ' ಎಂಬುದು ಅವರ ದಿನನಿತ್ಯದ ಮಂತ್ರ.

ಮೊದಲ ಹೆಜ್ಜೆಯಲ್ಲೇ ಎಡವಿಬಿಟ್ಟೆನೇ...?

"ಬೂದಿ ಏನು ಮಾಡಿದ್ರಿ ಅಮ್ಮಾ?" ಎಂದು ಕೇಳಿದಳು, ಆದಷ್ಟು ಮೆತ್ತಗೆ.

"ಎಸೆಯೋಕೆ ಮನಸ್ಸು ಬರ್ಲಿಲ್ಲ. ಹಿತ್ತಲಲ್ಲಿ ಚೀಲ ತುಂಬಿಸಿ ಇಟ್ಟಿದ್ದೀನಿ."

ಅವಳ ಕಣ್ಣು ಅರಳಿತು. "ಯಾವ ಮೂಲೆಯದು ಯಾವ ಚೀಲದಲ್ಲಿ ಅಂತ ಗೊತ್ತಾ?"

"ಇದು ಕಿಟಕಿ ಕಡೇದು, ಇದು ಬಾಗಿಲ ಕಡೇದು..." ಎಂದು ತಾಯಿ ಹಿತ್ತಲಿಗೆ ಕರೆದೊಯ್ದು ತೋರಿಸಿದಳು.

"ಅಲ್ಲ ಅಮ್ಮಾ, ಅದು ಬಾಗಿಲದ್ದು," ಎಂದ ಮಗ.

"ಗುಡಿಸಿದವಳು ನಾನೋ ನೀನೋ?"

"ಹೊತ್ತವನು ನಾನು!"

ತಾಯಿ ಮಗನ ಜಗಳ ತೀರುವಷ್ಟರಲ್ಲಿ ಅವಳು ಅಂಗಿಯ ತೋಳು ಮಡಚಿ, ಅಲ್ಲಿದ್ದ ಜರಡಿ ಹಿಡಿದು ನೆಲದ ಮೇಲೆ ಕುಳಿತಾಗಿತ್ತು. ಅವನು ಒಂದು ಕ್ಷಣ ನೋಡಿದ. ಆಮೇಲೆ ಎದುರಿಗೆ ಕುಳಿತು ಚೀಲ ಬಿಚ್ಚಿದ.

ಮರುದಿನವೂ ಅದೇ ಕೆಲಸ ಸಾಗಿತು. ಬೂದಿ ಹಾರಿ ಇಬ್ಬರ ಮುಖವೂ ಒಂದೇ ಬಣ್ಣಕ್ಕೆ ತಿರುಗಿತು. ಸಿಟ್ಟು ಯಾವಾಗ ಕರಗಿತೋ, ಮಾತು ಯಾವಾಗ ಸಲೀಸಾಯಿತೋ ಇಬ್ಬರಿಗೂ ಅರಿವಾಗಲಿಲ್ಲ.

"ಯಾವಾಗ್ಲೂ ಹಾಳಾದದ್ದನ್ನೇ ನೋಡೋ ಕೆಲಸ. ಬೇಸರ ಆಗಲ್ವಾ ನಿಮಗೆ?" ಎಂದು ಅವನು ಕೇಳಿದ.

ಅವಳು ಜರಡಿ ನಿಲ್ಲಿಸಿದಳು. ಈ ಪ್ರಶ್ನೆಯನ್ನು ಮನೆಯಲ್ಲಿ ಎಲ್ಲರೂ ಕೇಳಿದ್ದರು, ಆದರೆ ಉತ್ತರಕ್ಕಾಗಿ ಯಾರೂ ಕಾದಿರಲಿಲ್ಲ. ಇವನು ಕಾಯುತ್ತಿದ್ದ.

"ಎಲ್ಲ ಕಳ್ಕೊಂಡವರ ಬಾಗಿಲಿಗೆ ಮೊದಲು ಹೋಗೋಳು ನಾನು. ನಾನು ಕಂಡದ್ದನ್ನ ಕಂಡ ಹಾಗೆ ಹೇಳಿದ್ರೆ ಅವರು ಮತ್ತೆ ಎದ್ದು ನಿಲ್ಲಬಹುದು. ಬೇಸರ ಅಲ್ಲ... ಕೈ ನಡುಗುತ್ತೆ, ಅಷ್ಟೇ."

"ನಡುಗೋ ಕೈನೇ ನಂಬೋದು ನಾನು," ಎಂದ ಅವನು. "ನಡುಗದ ಕೈ ಕತ್ತರಿ ಹಿಡಿದು ಎಷ್ಟು ಒಳ್ಳೆ ಸೋಫಾ ಬಟ್ಟೆ ಹಾಳು ಮಾಡಿದೆ ಅಂತ ನನಗೊಬ್ಬನಿಗೇ ಗೊತ್ತು."

ಇಬ್ಬರೂ ನಕ್ಕರು. ಅಷ್ಟರಲ್ಲಿ ಜರಡಿಯಲ್ಲಿ ಏನೋ ಕಣಕಣ ಎಂದಿತು.

ತಾಮ್ರದ ತಂತಿಯ ತುಂಡು! ಅದರ ತುದಿ ಕರಗಿ, ಪುಟ್ಟ ಮಣಿಯಂತೆ ದುಂಡಗಾಗಿತ್ತು. ವಿದ್ಯುತ್ ಹರಿಯುತ್ತಿದ್ದಾಗಲೇ ತಂತಿ ಸಿಡಿದರೆ ಅಂಥ ಮಣಿ ಮೂಡುತ್ತದೆ ಎಂದು ಭೂತಗನ್ನಡಿ ಸಾಹೇಬರು ಎಷ್ಟೋ ಸಲ ತೋರಿಸಿದ್ದರು. ಅಂದರೆ ಬೆಂಕಿ ಯಾರೋ ಹಚ್ಚಿದ್ದಲ್ಲ, ವೈರಿನಿಂದಲೇ ಹೊತ್ತಿಕೊಂಡಿರಬೇಕು.

"ಸಿಕ್ತು! ನೋಡಿ, ಸಿಕ್ತು!" ಎಂದು ಅವಳು ಅವನ ಕೈ ಹಿಡಿದೇಬಿಟ್ಟಳು.

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಅವಳೂ...

ಅಂದು ಸಂಜೆ ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಕತ್ತು ಓರೆ ಮಾಡಿ, "ಅಲ್ಲ ಕಣೇ, ಬಂದಾಗಿನಿಂದ ಬೆಂಕಿ ವಿಷಯ ಹೇಳ್ತಿದ್ದೀಯೋ, ಸೋಫಾದವನ ವಿಷಯ ಹೇಳ್ತಿದ್ದೀಯೋ?" ಎಂದಳು.

"ಹೋಗೇ! ಅಂಥದ್ದೇನಿಲ್ಲ."

"ಇಲ್ಲದಿದ್ರೆ ಕಿವಿ ಯಾಕೆ ಕೆಂಪಾಯ್ತು?"

ಅಕ್ಕ ತಮಾಷೆಗೆ ಆಡಿದ ಮಾತು. ಆದರೆ ತಂಗಿಗೆ ಅದು ನಾಟಿತು.

ಆ ತಂತಿ ಸಿಕ್ಕಾಗ ನನಗಾದದ್ದು ಕೆಲಸ ಗೆದ್ದ ಸಂತೋಷವೇ? ಅಥವಾ ಅವನು ಉಳಿದನಲ್ಲ ಎಂಬ ಸಂತೋಷವೇ? ತಂತಿ ಸಿಗದೇ ಹೋಗಿದ್ದರೆ... ಏನಾದರೊಂದನ್ನು 'ಕಂಡೆ' ಎಂದು ನಾನು ಬರೆದುಬಿಡುತ್ತಿದ್ದೆನೇ?

ಇಲ್ಲವೆಂದು ಎದೆ ಮುಟ್ಟಿ ಹೇಳಲು ಅವಳಿಂದ ಆಗಲಿಲ್ಲ. ಆ ಒಂದು ಅಳುಕೇ ಅವಳನ್ನು ಬೆಳಗಾಗುತ್ತಲೇ ಸಾಹೇಬರ ಮೇಜಿನ ಮುಂದೆ ತಂದು ನಿಲ್ಲಿಸಿತು.

"ಸೋಫಾ ಅಂಗಡಿ ಫೈಲ್ ನನ್ನ ಕೈಯಲ್ಲಿ ಇರಬಾರದು ಸರ್."

"ಯಾಕೆ?"

"ಅವರಿಗೆ ಕ್ಲೇಮ್ ಸಿಗ್ಲಿ ಅಂತ ನನಗೆ ಆಸೆ ಇದೆ."

"ಎಲ್ಲರಿಗೂ ಸಿಗ್ಲಿ ಅಂತ ಆಸೆ ಇರ್ಬೇಕಮ್ಮಾ. ಅದರಲ್ಲೇನು?"

"ಇದು... ಎಲ್ಲರ ಮೇಲೂ ಇರೋ ಥರದ ಆಸೆ ಅಲ್ಲ ಸರ್."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲ ಫೈಲನ್ನೇ ಬಿಟ್ಟುಕೊಟ್ಟವಳನ್ನ ಖಾಯಂ ಮಾಡಿ ಅಂತ ನಾನು ಮೇಲಿನವರಿಗೆ ಹೇಳೋಕಾಗಲ್ಲ. ಗೊತ್ತಲ್ಲ?"

"ಗೊತ್ತು ಸರ್."

"ಫೈಲ್ ಮುಗಿಯೋವರೆಗೂ ಅವನ ಜೊತೆ ಒಂದೇ ಒಂದು ಮಾತೂ ಇಲ್ಲ. ಫೋನೂ ಇಲ್ಲ."

ಅವಳು ತಲೆಯಾಡಿಸಿದಳು.

ಅಂದು ಮಧ್ಯಾಹ್ನವೇ ಫೋನು ಬಡಿದುಕೊಳ್ಳತೊಡಗಿತು. ಅವನೇ. ಅವಳು ಎತ್ತಲಿಲ್ಲ. ಮತ್ತೆ ಅವನೇ... ಫೋನನ್ನು ಮೇಜಿನ ಖಾನೆಯೊಳಗೆ ಹಾಕಿದಳು. ಅಲ್ಲಿಯೂ ಅದು ಸಿಕ್ಕಿಬಿದ್ದ ದುಂಬಿಯಂತೆ ಗುಂಯ್‌ಗುಟ್ಟಿತು.

ಕೊನೆಗೆ ಅವನೇ ಬಂದ. ಕಚೇರಿಯ ಮೆಟ್ಟಿಲ ಬಳಿ ಎದುರಾದ.

"ಒಂದೇ ಮಾತು ಮೇಡಂ. ಬೇರೆ ಅಧಿಕಾರಿ ಬರ್ತಾರೆ ಅಂದ್ರು. ನೀವು ಫೋನ್ ಎತ್ತಲ್ಲ. ಆ ತಂತಿ ನಾನೇ ಎಲ್ಲಿಂದಲೋ ತಂದು ಚೀಲಕ್ಕೆ ಹಾಕಿದೆ ಅಂತ ನಿಮಗೆ ಅನುಮಾನ ಬಂತಾ?"

ಇಲ್ಲ! ದೇವರಾಣೆ ಇಲ್ಲ! ಎಂದು ಒಳಗೆ ಎಲ್ಲವೂ ಕೂಗಿತು. ಆದರೆ ಮಾತು ಕೊಟ್ಟಾಗಿತ್ತು. ಈಗ ಬಾಯಿ ತೆರೆದರೆ ನಾಳೆ ಯಾರಾದರೂ, 'ಆ ಹುಡುಗಿಯೇ ಹೇಳಿಕೊಟ್ಟದ್ದು' ಎಂದಾರು. ಅವನ ಕ್ಲೇಮಿಗೇ ಕುತ್ತು ಬಂದೀತು.

"ನಾನು... ಮಾತಾಡೋ ಹಾಗಿಲ್ಲ."

ಅವನು ನಕ್ಕ. ಆ ನಗುವಿಗಿಂತ ಬೈಗುಳವೇ ವಾಸಿಯಿತ್ತು.

"ಸರಿ. ಉತ್ತರ ಗೊತ್ತಾಯ್ತು," ಎಂದು ಬೆನ್ನು ತಿರುಗಿಸಿದ.

ಅವಳು ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಲ್ಲದಿದ್ದರೆ ಅವನ ಹಿಂದೆಯೇ ಓಡಿಬಿಡುತ್ತಿದ್ದಳು.

ಆಮೇಲಿನ ದಿನಗಳು ತೆವಳಿದವು. ಫೈಲು ಏನಾಯಿತೆಂದು ಕೇಳುವಂತಿಲ್ಲ. ಕೇಳದೆ ಅನ್ನ ಗಂಟಲಿಗಿಳಿಯುವುದಿಲ್ಲ. ಸಾಹೇಬರು ಕುರ್ಚಿಯಿಂದ ಎದ್ದರೆ ಅವಳ ಪೆನ್ನು ನಿಲ್ಲುವುದು. ಅವರು ಕೆಮ್ಮಿದರೂ ಅದರಲ್ಲೊಂದು ಅರ್ಥ ಹುಡುಕುವಳು. ಅವಳ ಜೊತೆಗೆ ಸೇರಿದವರೆಲ್ಲ ಖಾಯಂ ಆದರು. ಅವಳೊಬ್ಬಳಿಗೆ ಮಾತ್ರ ಪರೀಕ್ಷಾವಧಿ ಮುಂದುವರಿಯಿತು.

"ನೋಡಿದ್ಯಾ? ಬ್ಯಾಂಕಿನವರಿಗೆ ಇವತ್ತೇ ಹೇಳ್ತೀನಿ," ಎಂದರು ಅಪ್ಪ.

"ಬೇಡಪ್ಪಾ. ನಾನು ಈ ಕೆಲಸ ಬಿಡಲ್ಲ."

"ಅವರೇ ಬಿಡಿಸಿದ್ರೆ?"

"ಬಿಡಿಸೋವರೆಗೂ ಬಿಡಲ್ಲ!"

ಅಪ್ಪ ಬೆರಗಾಗಿ ಮಗಳ ಮುಖ ನೋಡಿದರು. ಅವಳು ಇಷ್ಟು ಜೋರಾಗಿ ಮಾತಾಡಿದ್ದನ್ನು ಅವರು ಕೇಳಿರಲೇ ಇಲ್ಲ. ಆಮೇಲೆ ಬ್ಯಾಂಕಿನ ಮಾತು ಎತ್ತಲಿಲ್ಲ.

ಒಂದು ದಿನ ಸಾಹೇಬರು ಅವಳ ಮೇಜಿನ ಬಳಿ ಬಂದು ನಿಂತರು.

"ನಿನ್ನ ತಂತಿಯೊಂದನ್ನೇ ನಾನು ನಂಬಲಿಲ್ಲ. ಗೋಡೆ ಒಡೆಸಿ ಒಳಗಿನ ವೈರ್ ಎಳೆಸಿದೆ. ಅದರ ಹೊರಪದರ ಎಲ್ಲ ಒಳಗಿನಿಂದಲೇ ಬೆಣ್ಣೆಯ ಹಾಗೆ ಕರಗಿದೆ. ಬೆಂಕಿ ಶುರುವಾದದ್ದು ಅಲ್ಲೇ, ತಾನಾಗಿಯೇ. ಕ್ಲೇಮ್ ಪಾಸಾಯ್ತು. ಫೈಲ್ ಮುಚ್ಚಿದೆ."

ಅವಳ ಕಣ್ಣು ತುಂಬಿತು. "ನಾನು ಈಗ..."

"ಈಗ ಹೋಗಿ ಚಪ್ಪಲಿ ಅಂಗಡಿ ನೋಡು. ಪೈಪ್ ಒಡೆದು ನೀರು ನುಗ್ಗಿದೆಯಂತೆ. ಒಬ್ಬಳೇ ಹೋಗು," ಎಂದು ಸಾಹೇಬರು ನಡೆದೇಬಿಟ್ಟರು.

ಒಬ್ಬಳೇ! ಅಂದರೆ ಇನ್ನೊಂದು ಅವಕಾಶ ಸಿಕ್ಕಿತ್ತು. ಆದರೂ ಅವಳ ಮನಸ್ಸು ಪೂರ್ತಿ ಅರಳಲಿಲ್ಲ. ಆ ಮೆಟ್ಟಿಲ ಬಳಿ ಬೆನ್ನು ತಿರುಗಿಸಿ ಹೋದವನಿಗೆ ಯಾವ ಮುಖ ಹೊತ್ತು ಫೋನ್ ಮಾಡಲಿ? 'ಹಣ ಬಂದ ಮೇಲೆ ಪ್ರೀತಿ ನೆನಪಾಯಿತೇ' ಎಂದರೆ...?

ಚಪ್ಪಲಿ ಅಂಗಡಿಯಲ್ಲಿ ಕಾಲು ಮುಳುಗುವಷ್ಟು ನೀರಿತ್ತು. ಒದ್ದೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು.

ಅವನು!

"ಇಲ್ಲಿದ್ದೀರಿ ಅಂತ ನಿಮ್ಮ ಸಾಹೇಬ್ರೇ ಹೇಳಿದ್ರು," ಎಂದ. ಕೈಯ ಗಾಯ ಮಾಗಿತ್ತು. "ಅವರನ್ನ ಕೇಳಿದೆ, ಮೇಡಂಗೆ ನನ್ನ ಮೇಲೆ ಅಷ್ಟೊಂದು ಅನುಮಾನ ಇತ್ತಾ ಅಂತ."

"ಏನಂದ್ರು?"

"'ಅನುಮಾನ ಬಂದಿದ್ರೆ ಫೈಲನ್ನ ಭದ್ರವಾಗಿ ಇಟ್ಕೊಂಡಿರೋಳು ಕಣಯ್ಯಾ! ಬಿಟ್ಟುಕೊಟ್ಟಿದ್ದು ಯಾಕೆ ಅಂತ ಇನ್ನೂ ಹೊಳೀಲಿಲ್ವಾ?' ಅಂತ ಬೈದ್ರು. ಖಾಯಂ ಕೆಲಸ ತಪ್ಪಿದ್ದನ್ನೂ ಹೇಳಿದ್ರು." ಅವನು ನೀರಿಗಿಳಿದು ಹತ್ತಿರ ಬಂದ. "ಅವತ್ತು ಮೆಟ್ಟಿಲ ಹತ್ರ ನಾನು ನಕ್ಕೆನಲ್ಲ... ಆ ನಗುವನ್ನ ಹೇಗೆ ವಾಪಸು ತಗೊಳ್ಳಲಿ?"

"ಮೊದಲ ದಿನ 'ಮುಚ್ಚಿಡೋಕೆ' ಅಂದದ್ದು ನಾನು. ಲೆಕ್ಕ ಚುಕ್ತಾ," ಎಂದಳು. ನಗಲು ಹೋದರೆ ಕಣ್ಣೀರು ಬಂತು.

"ಇನ್ನೊಂದು ವಿಷಯ. ಅಂಗಡಿಗೆ ಹೊಸದಾಗಿ ವಿಮೆ ಮಾಡಿಸ್ದೆ. ಬೇರೆ ಕಂಪನೀಲಿ."

"ಏನು? ಯಾಕೆ? ನಮ್ಮಲ್ಲಿ ಏನು ಕಡಿಮೆಯಾಗಿತ್ತು?" ಅವಳೊಳಗಿನ ಉದ್ಯೋಗಿ ಸೆಟೆದು ನಿಂತಳು.

"ಕಡಿಮೆ ಏನಿಲ್ಲ. ನಿಮ್ಮಲ್ಲೇ ಇದ್ರೆ, ನಾಳೆ ಏನಾದ್ರೂ ಆದಾಗ ನೀವು ಮತ್ತೆ ಮಾತು ಬಿಡ್ಬೇಕಾಗುತ್ತೆ. ಅಂಗಡಿ ಇನ್ನೊಂದ್ಸಲ ಸುಟ್ರೂ ತಡ್ಕೋತೀನಿ. ಅದನ್ನ ತಡ್ಕೊಳ್ಳಲಾರೆ."

ನೀರಿನಲ್ಲಿ ಒಂಟಿ ಚಪ್ಪಲಿಯೊಂದು ತೇಲಿ ಬಂದು ಅವಳ ಕಾಲಿಗೆ ತಾಗಿತು. ಅವಳು ಅದನ್ನು ನೋಡಲಿಲ್ಲ. ಅವನನ್ನೇ ನೋಡುತ್ತಿದ್ದಳು.

"ಕಂಪನಿಗೆ ಒಬ್ಬ ಗ್ರಾಹಕ ನಷ್ಟ," ಎಂದಳು ಮೆಲ್ಲಗೆ.

"ನಿಮಗೆ?"

ಅವಳು ಒದ್ದೆ ಕೈಯನ್ನು ಅಂಗಿಯ ತುದಿಗೆ ಒರೆಸಿಕೊಂಡು, ಅವನ ಕೈಯನ್ನು ಹಿಡಿದುಕೊಂಡಳು. ಈ ಸಲ ಯಾವ ಅಳುಕೂ ಇರಲಿಲ್ಲ.

"ಅಲ್ಲಿ ಇನ್ನೂ ನಾಲ್ಕು ಕಪಾಟು ಬಾಕಿ ಇದೆ," ಎಂದಳು. "ತಡ ಆಗುತ್ತೆ. ಹೊರಟುಹೋಗ್ಬೇಡಿ."

"ಹೋಗಲ್ಲ ಕಣೇ," ಎಂದವನೇ ನಾಲಿಗೆ ಕಚ್ಚಿಕೊಂಡ. "ಅಲ್ಲ... ಮೇಡಂ..."

"ಮೊದಲು ಅಂದದ್ದೇ ಇರ್ಲಿ," ಎಂದು ಅವಳು ನಗುತ್ತ ಕಪಾಟಿನ ಕಡೆ ತಿರುಗಿದಳು.